ಪದಚರ್ಚೆ: ನಾಯಿಗೆ ಕಲಿಸುವ ‘ರಿಕಾಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಒಂದು ಪದ ಬೇಕಾಗಿದೆ. ನಮ್ಮ ಮುಧೋಳ ತಾಲೂಕಿನ ಪಶುವೈದ್ಯರೊಬ್ಬರು ನಾಯಿ ಸಾಕುವವರಿಗೆ ಅಂತ ಕರಪತ್ರ ಬರೆಯುತ್ತಿದ್ದಾರೆ. ಅದರ ಭಾಷೆ ನೋಡಿಕೊಡುವ ಕೆಲಸ ನನಗೆ ಬಂದಿದೆ. ಲಸಿಕೆ, ಜಂತಿನ ಔಷಧಿ, ಊಟ ಎಲ್ಲ ಸಲೀಸಾಗಿ ಮುಗಿದವು. ‘ರಿಕಾಲ್’ ಅನ್ನುವ ಒಂದು ಮಾತಿನ ಹತ್ತಿರ ಸಿಕ್ಕಿಕೊಂಡಿದ್ದೇವೆ. ಸಡಿಲ ಬಿಟ್ಟ ನಾಯಿಯನ್ನು ಕರೆದರೆ, ಅದು ಏನೇ ಮಾಡುತ್ತಿರಲಿ, ಅದನ್ನು ಬಿಟ್ಟು ನಮ್ಮ ಹತ್ತಿರ ಓಡಿ ಬರಬೇಕು. ಇದನ್ನು ಕಲಿಸೋದಕ್ಕೆ ತರಬೇತಿ ಕೊಡುವವರು ರಿಕಾಲ್ ಅನ್ನುತ್ತಾರೆ.

ನಿಘಂಟಿನ ಅರ್ಥಗಳು ಇಲ್ಲಿ ಹೊಂದುತ್ತಿಲ್ಲ. ‘ಹಿಂಪಡೆ’ ಅಂದರೆ ಅರ್ಜಿ, ಹೇಳಿಕೆ, ಕಾಯ್ದೆ ನೆನಪಾಗುತ್ತವೆ. ‘ವಾಪಸು ಕರೆಸಿಕೊಳ್ಳು’ ರಾಯಭಾರಿಗೆ ಸರಿ. ‘ಜ್ಞಾಪಿಸಿಕೊ’ ಅಂತೂ ಬೇರೆಯದೇ ಅರ್ಥ. ಗೆಳೆಯರೊಬ್ಬರು ‘ಮರುಕರೆ’ ಅಂದರು. ಕೇಳೋಕೆ ಚೆನ್ನಾಗಿದೆ, ಆದರೆ ಓದಿದವರಿಗೆ ತಿರುಗಿ ಫೋನ್ ಮಾಡೋದು ಅಂತಲೇ ಹೊಳೆಯುತ್ತದೆ.

ನನಗೆ ಅನ್ನಿಸೋದು ಏನಂದರೆ, ಈ ಪದಗಳೆಲ್ಲ ಕರೆಯುವವರ ಕಡೆಯಿಂದ ಮಾಡಿದವು. ಕರೆಯೋಕೆ ಎಲ್ಲರಿಗೂ ಬರುತ್ತದೆ. ಕಲಿಯಬೇಕಾದದ್ದು ನಾಯಿ, ಅದು ಕಲಿಯಬೇಕಾದದ್ದು ಬರೋದನ್ನು. ಆ ಲೆಕ್ಕದಲ್ಲಿ ‘ಓಗೊಡು’ ಹತ್ತಿರದ ಮಾತು. ಕರೆದಾಗ ‘ಓ’ ಅನ್ನೋದು, ಅಪ್ಪಟ ಕನ್ನಡ. ಆದರೆ ಈಗ ಅದು ‘ಸಂಘಟನೆಯ ಕರೆಗೆ ಓಗೊಟ್ಟು ಅಂಗಡಿ ಮುಚ್ಚಿದರು’ ಅನ್ನುವಂಥ ಪತ್ರಿಕೆ ಸಾಲುಗಳಲ್ಲೇ ಜಾಸ್ತಿ ಕಾಣುತ್ತದೆ. ಲೋಕಾಪುರದ ಕಡೆ ಹೊಲದಲ್ಲಿ ನಾಯಿ ಸಾಕಿರುವ ಹಿರಿಯರೊಬ್ಬರಿಗೆ ‘ಓಗೊಡು’ ಹಾಕಿ ಬರೆದ ಕರಪತ್ರದ ಸಾಲು ಓದಿ ಹೇಳಿದೆ. “ನಾಯಿ ಓ ಅನ್ನೂದು ಬ್ಯಾಡ್ರಿ, ಬಂದ್ರ ಸಾಕು” ಅಂದರು. ಅವರ ಮಾತು ಸರಿ ಅಲ್ವಾ? ನಮ್ಮ ದನಿ ಕೇಳಿ ಕಿವಿ ಆಡಿಸಿ ಅಲ್ಲೇ ನಿಂತ ನಾಯಿಯೂ ಓಗೊಟ್ಟಂತೆಯೇ ಆಯಿತು, ಆದರೆ ಅದರಿಂದ ಜೀವ ಉಳಿಯೋದಿಲ್ಲ.

ನಮ್ಮ ಕಡೆ ಇದು ಜೀವದ ಮಾತೇ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ವಾಸನೆ ಹಿಡಿದು ನಿಧಾನಕ್ಕೆ ಹೋಗೋದಲ್ಲ, ದೂರದಲ್ಲಿ ಅಲ್ಲಾಡಿದ್ದನ್ನು ಕಂಡು ಅಟ್ಟಿಸಿಕೊಂಡು ಹೋಗೋದು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅರಸರು ಇದನ್ನು ಉಳಿಸಿ ಬೆಳೆಸಿದ್ದೂ ಆ ಓಟ ನೋಡಿಯೇ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಆಮೇಲೆ ಸೇನೆಗೂ ಸೇರಿತು, ಹೆಸರು ಎಲ್ಲ ಕಡೆ ಹಬ್ಬಿತು. ಈಗ ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದಿಂದ ಮರಿ ಒಯ್ಯುವವರಲ್ಲಿ ದೂರದ ಊರಿನವರೂ ಇದ್ದಾರೆ. ಒಯ್ಯುವಾಗ ಅದರ ಚಂದ, ಚುರುಕು ಕಾಣುತ್ತದೆ. ಓಡಲು ಶುರು ಮಾಡಿದ ಮೇಲೆ ಅದಕ್ಕೆ ನಮ್ಮ ಕೂಗು ತಲುಪುವುದೇ ಕಷ್ಟ ಅನ್ನೋದು ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ ರಸ್ತೆ ನೋಡಿದವರಿಗೆ ಹೇಳಬೇಕಾಗಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಬರುವ ಟ್ರ್ಯಾಕ್ಟರ್ ನಾಯಿ ಅಡ್ಡ ಬಂತು ಅಂತ ತಟ್ಟನೆ ನಿಲ್ಲೋಕೆ ಆಗುವುದಿಲ್ಲ. ಹೊಲಗಳಲ್ಲಿ ಕಟ್ಟೆ ಇಲ್ಲದ ಬಾವಿಗಳಿವೆ. ಕಾಲುವೆಗೆ ಬಿದ್ದರೆ ಸಿಮೆಂಟಿನ ಇಳಿಜಾರಿನಲ್ಲಿ ಉಗುರು ನಾಟುವುದಿಲ್ಲ, ಈಜು ಬಂದರೂ ಮೇಲೆ ಹತ್ತೋಕೆ ಆಗದೆ ಸುಸ್ತಾಗಿ ಮುಳುಗುತ್ತದೆ. ಯಡಹಳ್ಳಿ ಕಡೆಯಂತೂ ಚಿಂಕಾರ ಅನ್ನುವ ಸಣ್ಣ ಹುಲ್ಲೆಯ ಅಭಯಾರಣ್ಯವೇ ಇದೆ. ಅಲ್ಲಿ ನಾಯಿ ಸುಮ್ನೆ ಅಟ್ಟಿಸಿಕೊಂಡು ಹೋದರೂ ಆ ಪ್ರಾಣಿಗೆ ಕುತ್ತು. ಮೊಲ ಹಿಡಿದು ತಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಸಾಕಿದವರು ಕೇಸಿಗೆ ಸಿಕ್ಕಬಹುದು.

ಈಗ ಪದದ ಇನ್ನೊಂದು ಮಗ್ಗುಲು, ಅಂದರೆ ಕರೆಯುವಾಗ ಬಾಯಲ್ಲಿ ಬರುವ ಪದ. ನಾಯಿಯನ್ನು ಮುಂದೆ ಬಿಡೋಕೆ ‘ಛೂ’ ಇದೆ. ಅಟ್ಟೋಕೆ ‘ಹಚಾ’ ಇದೆ. ಇವೆರಡನ್ನೂ ನಾಯಿಗೆ ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲ, ಅದಕ್ಕೇ ಅವು ಹಾಗೆ ನಾಟುತ್ತವೆ. ಆದರೆ ಓಡುತ್ತಿರುವ ನಾಯಿಯನ್ನು ತಿರುಗಿಸೋಕೆ ಅಂಥದ್ದೇ ಒಂದು ಗಟ್ಟಿ ಪದ ನಮ್ಮ ಮನೆಗಳಲ್ಲಿ ಬಳಕೆಯಲ್ಲಿ ಕಾಣುತ್ತಿಲ್ಲ. ಹತ್ತಿರ ಇದ್ದರೆ ಲೊಚಗುಟ್ಟುತ್ತೇವೆ, ಅದು ನಾಲ್ಕು ಹೆಜ್ಜೆ ಆಚೆಗೆ ಕೇಳಿಸುವುದಿಲ್ಲ. ಇಲ್ಲವಾದರೆ ‘ಬಾ’. ಆ ‘ಬಾ’ ದಿನವಿಡೀ ಮಕ್ಕಳಿಗೆ, ಬಂದವರಿಗೆ, ಎಮ್ಮೆಗೆ, ಎಲ್ಲರಿಗೂ ಹೇಳಿ ಹೇಳಿ ಸವೆದಿರುತ್ತದೆ. ಜೊತೆಗೆ ಸಿಟ್ಟಿನಲ್ಲೂ ‘ಬಾರಲೇ ಇಲ್ಲಿ’ ಅಂತಲೇ ಕೂಗುತ್ತೇವೆ. ಬಂದರೆ ಪೆಟ್ಟು ಅಂತ ನಾಯಿಗೆ ಗೊತ್ತು, ಅದು ಯಾಕೆ ಬರಬೇಕು?

ಬೆಳಗಾವಿಯಲ್ಲಿ ಇರುವ ನಮ್ಮ ಚಿಗವ್ವನ ಮನೆಯಲ್ಲಿ ಇದು ಇನ್ನೂ ತೊಡಕು. ಚಿಗವ್ವ ‘ಬಾ’ ಅನ್ನುತ್ತಾಳೆ, ಮೊಮ್ಮಕ್ಕಳು ‘ಕಮ್’, ಮೇಲಿನ ಮನೆಯವರು ಮರಾಠಿಯಲ್ಲಿ ‘ಯೇ’. ಕನ್ನಡದಲ್ಲಿ ಗದರುವಾಗ ನಾವು ‘ಏ!’ ಅನ್ನುತ್ತೇವೆ. ಮರಾಠಿಯ ‘ಯೇ’ ಬಾ ಅಂತ. ನಾಯಿಯ ಕಿವಿಗೆ ಎರಡೂ ಒಂದೇ. ಪಾಪ, ಅದು ಗೇಟಿನ ಹತ್ತಿರ ನಿಂತು ಒಂದು ಹೆಜ್ಜೆ ಮುಂದೆ, ಒಂದು ಹಿಂದೆ ಇಡುತ್ತಿತ್ತು. ನೋಡಿದವರು ಹಟಮಾರಿ ಅನ್ನುತ್ತಿದ್ದರು. ಯಾವ ಭಾಷೆಯದಾದರೂ ಆಗಲಿ, ಮನೆಮಂದಿಯೆಲ್ಲ ಒಂದೇ ಪದ ಹಿಡಿಯಬೇಕು ಅಂತ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸುತ್ತಿದ್ದೇನೆ.

ಆ ಪದ ಬೇರೆ ಯಾವುದಕ್ಕೂ ಬಳಸದ್ದು ಆಗಿರಬೇಕು. ಒಂದೇ ಸಲ ಹೇಳಬೇಕು. ಬಂದರೆ ಪ್ರತಿಸಲವೂ ಬಾಯಿಗೆ ಏನಾದರೂ ರುಚಿಯಾದದ್ದು ಸಿಗಬೇಕು. ತಡವಾಗಿ ಬಂದರೂ ಗದರಬಾರದು. ಸ್ನಾನಕ್ಕೆ, ಔಷಧಿಗೆ, ಕಟ್ಟಿಹಾಕೋಕೆ ಆ ಪದದಿಂದ ಕರೆಯಬಾರದು, ನಾವೇ ಹೋಗಿ ಹಿಡಿದು ತರಬೇಕು. ಕರೆದು, ತಿನಿಸು ಕೊಟ್ಟು, ಮತ್ತೆ ಆಡೋಕೆ ಬಿಡಬೇಕು, ಇಲ್ಲದಿದ್ದರೆ ಕರೆದರು ಅಂದರೆ ಆಟ ಮುಗೀತು ಅಂತ ಅದು ಕಲಿತುಬಿಡುತ್ತದೆ. ಮೊದಲು ಪಡಸಾಲೆಯಲ್ಲಿ, ಆಮೇಲೆ ಅಂಗಳದಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿ ಹೊಲದಲ್ಲಿ. ಹಗ್ಗವನ್ನು ಕೊರಳಿಗಿಂತ ಎದೆಪಟ್ಟಿಗೆ ಕಟ್ಟೋದು ಒಳ್ಳೆಯದು, ಈ ತಳಿ ಓಡುವ ರಭಸಕ್ಕೆ ಕೊರಳು ಜಗ್ಗಿದರೆ ಪೆಟ್ಟಾಗುತ್ತದೆ. ತಲೆ ಸಪೂರ ಇರುವುದರಿಂದ ಸಾಮಾನ್ಯ ಪಟ್ಟಿ ಕಳಚಿಕೊಳ್ಳುವುದೂ ಉಂಟು.

ಕರೆಯುವ ಗಳಿಗೆಯೂ ಮುಖ್ಯ. ಏನೋ ಕಂಡಾಗ ನಾಯಿ ಮೊದಲು ತಲೆ ಎತ್ತುತ್ತದೆ, ಕಿವಿಯ ಬುಡ ನಿಗುರುತ್ತದೆ, ಬಾಲದ ಆಟ ನಿಲ್ಲುತ್ತದೆ, ಒಂದು ಮುಂಗಾಲು ನೆಲ ಬಿಟ್ಟು ಏಳುತ್ತದೆ. ಕರೆಯೋದಿದ್ದರೆ ಆಗಲೇ ಕರೆಯಬೇಕು.

ವೈದ್ಯರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿಗೆ ನಾಟಿತು. ನಾಯಿ ರಸ್ತೆಯ ಆಚೆ ಬದಿ ಇದ್ದಾಗ ಕರೆಯಲೇಬಾರದು. ಚೆನ್ನಾಗಿ ಕಲಿತ ನಾಯಿ ಗಾಡಿ ನೋಡದೆ ನೆಟ್ಟಗೆ ನಮ್ಮ ಕಡೆ ಓಡಿ ಬರುತ್ತದೆ. ಆಗ ಬೇಕಾದದ್ದು ಇದ್ದಲ್ಲೇ ನಿಲ್ಲಿಸುವ ಪದ. ಇದಕ್ಕೆ ನಮ್ಮ ‘ನಿಂದರ’ ತುಂಬಾ ಚೆನ್ನಾಗಿ ಒಪ್ಪುತ್ತದೆ, ‘ಬಾ’ ಜೊತೆ ದನಿಯಲ್ಲಿ ಗೊಂದಲ ಇಲ್ಲ. ಕೆಲವರು ‘ನಿಲ್ಲು’ ಅಂತಲೇ ಇರಲಿ, ಎಲ್ಲ ಕಡೆ ತಿಳಿಯುತ್ತದೆ ಅನ್ನುತ್ತಿದ್ದಾರೆ. ನಾನು ‘ನಿಂದರ’ ಬಿಡಲಾರೆ, ಓದುವವರು ಇಲ್ಲಿಯವರು.

ತಲೆಬರಹಕ್ಕೆ ಸದ್ಯ ‘ಕರೆದರೆ ತಪ್ಪದೆ ಬರುವ ಪಾಠ’ ಅಂತ ಹಾಕಿದ್ದೇನೆ. ‘ವಿಶ್ವಾಸಾರ್ಹ’ ಅನ್ನುವ ಭಾರದ ಪದದ ಕೆಲಸವನ್ನು ‘ತಪ್ಪದೆ’ ಮಾಡುತ್ತದೆ. ಆದರೆ ಸಾಲಿನ ಮಧ್ಯೆ ಮತ್ತೆ ಮತ್ತೆ ಬಳಸೋಕೆ ಒಂದು ಚಿಕ್ಕ ಪದ ಬೇಕು. ‘ಕರೆಬರವು’ ಅಂತ ಕಟ್ಟಬಹುದೇ, ಅಥವಾ ‘ರಿಕಾಲ್’ ಅಂತಲೇ ಕನ್ನಡ ಅಕ್ಷರದಲ್ಲಿ ಬರೆದುಬಿಡೋದು ವಾಸಿಯೇ?

ಇನ್ನೊಂದು ಕೇಳಿಕೆ. ಕುರಿ ಕಾಯುವ ಮನೆತನದವರು, ಸಿಂದಗಿ, ಇಂಡಿ, ಅಥಣಿ, ರಾಯಬಾಗ ಕಡೆಯವರು ಯಾರಾದರೂ ಇದ್ದರೆ, ದೂರ ಹೋದ ನಾಯಿಯನ್ನು ನಿಮ್ಮಲ್ಲಿ ಯಾವ ಸದ್ದು ಮಾಡಿ ಕರೆಯುತ್ತಾರೆ, ಅದನ್ನು ಅಕ್ಷರದಲ್ಲಿ ಹೇಗೆ ಬರೆಯುತ್ತೀರಿ ಅಂತ ದಯವಿಟ್ಟು ತಿಳಿಸಿ. ಸಿಳ್ಳೆಯಾದರೆ ಎಳೆದು ಹಾಕುವ ಸಿಳ್ಳೆಯೋ, ತುಂಡು ತುಂಡು ಸಿಳ್ಳೆಯೋ ಅನ್ನೋದನ್ನೂ ಬರೆಯಿರಿ. ಕಬ್ಬು ಕಟಾವು ಶುರುವಾಗುವ ಮೊದಲು ಅಚ್ಚಿಗೆ ಕೊಡಬೇಕಾಗಿದೆ.