‘ಪೀಟ್ ಫ್ರೀ ಕಾಂಪೋಸ್ಟ್’ ಅನ್ನೋದನ್ನ ಕನ್ನಡದಲ್ಲಿ ಹೇಗೆ ಬರೆಯೋದು?

ಎಲ್ರಿಗೂ ನಮಸ್ಕಾರ,

ಕೈತೋಟ ಮಾಡೋರಿಗೆ ಅಂತ ಒಂದು ಚಿಕ್ಕ ಕೈಪಿಡಿ ಬರೀತಾ ಇದೀನಿ. ಅದ್ರಲ್ಲಿ ಪೀಟ್ (ಜೌಗಿನಿಂದ ಅಗೆದು ತಂದು ಕುಂಡಕ್ಕೆ ತುಂಬೋ ಮಿಶ್ರಣದಲ್ಲಿ ಸೇರಿಸೋ ಅರೆಕೊಳೆತ ಹಾವಸೆ) ಇಲ್ಲದ ಕಾಂಪೋಸ್ಟ್ ನೋಡಿ ಆರಿಸ್ಕೊಳ್ಳೋದು ಹೇಗೆ ಅನ್ನೋ ಭಾಗದಲ್ಲಿ ಪದಗಳೇ ಕಾಲಿಗೆ ತೊಡರ್ತಾ ಇವೆ, ತಿಳಿದೋರು ಒಂದು ಮಾತು ಹೇಳಿ.

‘ಫ್ರೀ’ ವಿಷಯ ಬೇಗ ಮುಗಿಸ್ತೀನಿ. ನಮ್ಮ ಕಿವಿಗೆ ಫ್ರೀ ಅಂದ್ರೆ ಪುಕ್ಕಟೆ, ಮಶೀನ್ ಅನುವಾದಕ್ಕೆ ಹಾಕಿದ್ರೆ ‘ಪೀಟ್ ಉಚಿತ ಕಾಂಪೋಸ್ಟ್’ ಅಂತ ಬಂದ್ರೂ ಆಶ್ಚರ್ಯ ಇಲ್ಲ, ಓದಿದೋರು ಚೀಲದ ಜೊತೆ ಪೀಟ್ ಬಿಟ್ಟಿ ಕೊಡ್ತಾರೆ ಅಂದ್ಕೋತಾರೆ. ‘ಪೀಟ್ ಮುಕ್ತ’ ಅನ್ನೋದೂ ನನಗೆ ಸರಿ ಅನ್ಸಲ್ಲ. ಮುಕ್ತ ಅಂದ್ರೆ ಪೋಲಿಯೋ ಮುಕ್ತ ಅನ್ನೋ ಥರ ಇದ್ದ ಪೀಡೆ ತೊಲಗಿತು ಅನ್ನೋ ಭಾವ, ಇಲ್ಲಿ ಪೀಟ್ ತೆಗೆದುಹಾಕಿಲ್ಲ, ಮೊದಲಿಗೇ ಹಾಕಿಲ್ಲ ಅಷ್ಟೆ. ಹಾಗಾಗಿ ‘ಪೀಟ್ ಇಲ್ಲದ’, ತೀರಾ ಬೇಕಾದ್ರೆ ‘ಪೀಟ್‌ರಹಿತ’. ‘ಪೀಟ್ ಕಡಿಮೆ’ ಅಂತ ಬರೆದಿರೋ ಚೀಲ ಬೇರೆ ಇರುತ್ತೆ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಪೀಟೇ ಇರಬಹುದು, ಇವೆರಡನ್ನ ಒಂದೇ ಪದದಲ್ಲಿ ಕಲಸಬಾರದು. ‘ಸಾವಯವ’ ಅಂತ ದೊಡ್ಡ ಅಕ್ಷರದಲ್ಲಿ ಇದ್ರೂ ನಂಬೋ ಹಾಗಿಲ್ಲ, ಯಾಕಂದ್ರೆ ಪೀಟ್ ಕೂಡ ಸಾವಯವ ವಸ್ತುವೇ ತಾನೆ.

ಪೀಟ್‌ಗೆ ಕನ್ನಡ ಪದ ಹುಡುಕ್ಬೇಕಾ? ‘ಜೌಗುಮಣ್ಣು’ ಅಂತ ಒಬ್ರು ಸೂಚಿಸಿದ್ರು. ಆದ್ರೆ ಅದು ಮಣ್ಣೇ ಅಲ್ವಲ್ಲ. ಚಳಿ ದೇಶಗಳ ಜೌಗಿನಲ್ಲಿ ನೀರು ನಿಂತು, ಗಾಳಿ ಆಡದೆ, ಹುಳಿ ಅಂಶ ಏರಿ, ಸ್ಫ್ಯಾಗ್ನಮ್ ಅನ್ನೋ ಹಾವಸೆ ಪೂರ್ತಿ ಕೊಳೆಯೋಕಾಗ್ದೆ ಪದರ ಪದರವಾಗಿ ಕೂತಿರೋದು ಅದು. ವರ್ಷಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್ ಬೆಳೆಯುತ್ತೆ, ಅಂದ್ರೆ ಒಂದು ಮೀಟರ್ ಆಗೋಕೆ ಸಾವಿರ ವರ್ಷ ಬೇಕು. ಪ್ರಪಂಚದ ನೆಲದಲ್ಲಿ ಇಂಥ ಜಾಗ ಸುಮಾರು 3% ಅಷ್ಟೆ, ಆದ್ರೆ ಕಾಡುಗಳ ಮರಗಿಡಗಳೆಲ್ಲ ಸೇರಿದ್ರೂ ಅದಕ್ಕಿಂತ ಹೆಚ್ಚು ಇಂಗಾಲ ಅಲ್ಲಿ ಕೂತಿದೆ. ನೀರು ಬಸಿದು ಅಗೆದ್ರೆ ಗಾಳಿ ತಗಲಿ ಆ ಇಂಗಾಲ ಆಕಾಶ ಸೇರುತ್ತೆ, ಬೇಡ ಅನ್ನೋದು ಅದಕ್ಕೇ. ‘ಕಪ್ಪು ಮಣ್ಣು’ ಅಂದ್ರಂತೂ ಕೆಲಸ ಕೆಡ್ತು, ಓದುಗರ ತಲೇಲಿ ಎರೆಮಣ್ಣು ಬಂದು ಕೂರುತ್ತೆ, ಅದು ಅಂಟು, ಇದು ಹಗುರ, ಒಂದಕ್ಕೊಂದು ತದ್ವಿರುದ್ಧ. ಪಾಠದಲ್ಲಿ ಕಲ್ಲಿದ್ದಲಿನ ಮೊದಲ ಹಂತಕ್ಕೆ ಪೀಟ್ ಅಂತ್ಲೇ ಓದಿದೀವಿ, ಹಾಗೇ ಇರ್ಲಿ ಅನ್ನೋದು ನನ್ನ ಮತ.

ಪೀಟ್ ಅಂತ ಉಳಿಸ್ಕೊಂಡ್ರೆ ‘ಕೋಕೋಪೀಟ್’ ಗಂಟು ಬೀಳುತ್ತೆ. ಹೆಸರಲ್ಲಿ ಪೀಟ್ ಇದೆ, ಒಳಗೆ ಒಂದು ಚಿಟಿಕೆಯೂ ಇಲ್ಲ, ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯೋ ಪುಡಿ ಅದು. ಪೀಟ್ ಬೇಡ ಅಂತ ನಿರ್ಧಾರ ಮಾಡಿದೋರು ಹೆಸರು ನೋಡಿ ಇದನ್ನೇ ವಾಪಸ್ ಇಟ್ಬಿಡ್ತಾರೆ. ಇನ್ನು ಕೆಲವರು ಪೀಟ್ ಮಾಸ್ (ಅಂದ್ರೆ ನಿಜವಾದ ಪೀಟೇ), ಕೋಕೋಪೀಟ್ ಎರಡೂ ಒಂದೇ ಅಂದ್ಕೊಂಡು ಕೈಗೆ ಸಿಕ್ಕಿದ್ದು ತರ್ತಾರೆ. ‘ತೆಂಗಿನ ನಾರಿನ ಪುಡಿ’ ಅಂದ್ರೆ ಎಲ್ಲಾ ಗೊಂದಲ ಹೋಗುತ್ತೆ. ಈ ಪುಡಿಯಲ್ಲಿರೋ ಉಪ್ಪನ್ನ ತೊಳೀಬೇಕು ಅಂತ ಹೇಳೋಕೂ ಇದೇ ಹೆಸರು ಅನುಕೂಲ. ಇಟ್ಟಿಗೆ ಥರ ಒತ್ತಿರೋ ಅಚ್ಚನ್ನ ಬಕೆಟ್‌ನಲ್ಲಿ ನೆನೆಸಿದ್ರೆ ಉಬ್ಬಿ ಪುಡಿಯಾಗುತ್ತೆ, ಹಿಂಡಿದ ನೀರು ಕಡು ಕಂದು ಬಣ್ಣ, ಅದ್ರಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣ ಇರುತ್ತೆ, ಸಿಪ್ಪೆಯನ್ನ ಉಪ್ಪು ನೀರಲ್ಲಿ ಕೊಳೆಹಾಕಿದ್ರಂತೂ ಇನ್ನೂ ಜಾಸ್ತಿ. ತೊಳೆದದ್ದು ಅಂತ ಬರೆದಿಲ್ದಿದ್ರೆ ನೀರು ತಿಳಿಯಾಗೋವರೆಗೂ ತೊಳೀಬೇಕು, ಇಲ್ದಿದ್ರೆ ಎಳೇ ಸಸಿಗಳ ಎಲೆ ತುದಿ ಸುಡುತ್ತೆ.

ನಿಜವಾದ ತಲೆನೋವು ‘ಕಾಂಪೋಸ್ಟ್’. ನಮಗೆ ಅದು ಗೊಬ್ಬರ. ಕೊಳೆಸಿದ್ದು, ಮಣ್ಣಿಗೆ ಒಂದು ಪಾಲು ಬೆರೆಸೋದು, ಕೊಟ್ಟಿಗೆ ಗೊಬ್ಬರ ಎರೆಗೊಬ್ಬರದ ಸಾಲಿಗೆ ಸೇರೋದು. ಬ್ರಿಟನ್ನಿನ ಇಂಗ್ಲಿಷ್‌ನಲ್ಲಿ ಇದೇ ಪದ ಕುಂಡಕ್ಕೆ ನೇರವಾಗಿ ತುಂಬೋ ಮಿಶ್ರಣಕ್ಕೂ ಇದೆ, ಅಮೆರಿಕದೋರು ಅದನ್ನ ಪಾಟಿಂಗ್ ಮಿಕ್ಸ್ ಅಂತಾರೆ. ಬ್ರಿಟನ್ನಿನ ಬರಹ ಅನುವಾದ ಮಾಡಿ ‘ಕುಂಡದ ತುಂಬ ಗೊಬ್ಬರ ಹಾಕಿ ಬೀಜ ಬಿತ್ತಿ’ ಅಂತ ಬರೆದ್ರೆ, ಯಾರಾದ್ರೂ ಬರೀ ಎರೆಗೊಬ್ಬರ ತುಂಬಿ ಬಿತ್ತುತ್ತಾರೆ, ಮೊಳಕೆ ಬರೋದು ಕಷ್ಟ, ಬಂದ್ರೂ ಬುಡ ಕೊಳೆತು ಮಲಗ್ತವೆ. ‘ಕುಂಡಮಣ್ಣು’ ಅನ್ನೋಣ ಅಂದ್ರೆ ಬಹಳಷ್ಟು ಮಿಶ್ರಣಗಳಲ್ಲಿ ಮಣ್ಣೇ ಇರಲ್ಲ, ಕೊಳೆಸಿದ ಮರದ ತೊಗಟೆ, ಮರದ ನಾರು, ತೆಂಗಿನ ನಾರಿನ ಪುಡಿ, ಕಸಕಡ್ಡಿಯ ಕಾಂಪೋಸ್ಟ್ ಇಷ್ಟೇ. ಅದೂ ಅಲ್ದೆ ಮಣ್ಣು ಅಂದ್ಬಿಟ್ರೆ ಮಣ್ಣಿಗೆ ನೀರು ಹಾಕೋ ಲೆಕ್ಕದಲ್ಲೇ ಹಾಕ್ತಾರೆ. ಇದು ಮೇಲೆ ಒಣಗಿದ ಹಾಗೆ ಕಂಡ್ರೂ ಎರಡು ಇಂಚು ಕೆಳಗೆ ಒದ್ದೆ ಇರುತ್ತೆ, ಬೆರಳು ಚುಚ್ಚಿ ನೋಡ್ಬೇಕು ಇಲ್ಲಾ ಕುಂಡ ಎತ್ತಿ ಭಾರ ನೋಡ್ಬೇಕು. ಮರದ ನಾರು ಜಾಸ್ತಿ ಇದ್ರೆ ಅದನ್ನ ಕೊಳೆಸೋ ಸೂಕ್ಷ್ಮಜೀವಿಗಳು ಸಾರಜನಕ ಎಳ್ಕೊಂಡು ಗಿಡ ಹಳದಿಯಾಗುತ್ತೆ, ಆಗ ಗೊಬ್ಬರ ಬೇರೆ ಕೊಡ್ಬೇಕು. ಗೊಬ್ಬರದ ಚೀಲ ಅಂತ ತಂದ್ಕೊಂಡೋರಿಗೆ ಅದಕ್ಕೇ ಮತ್ತೆ ಗೊಬ್ಬರ ಹಾಕಿ ಅಂತ ಹೇಗೆ ಹೇಳೋದು!

ಸದ್ಯಕ್ಕೆ ‘ಕುಂಡದ ಮಿಶ್ರಣ’ ಅಂತ ಬರೆದಿದೀನಿ, ಕಾಂಪೋಸ್ಟ್ ಅನ್ನೋದನ್ನ ಕೊಳೆತ ಗೊಬ್ಬರಕ್ಕೆ ಮಾತ್ರ ಮೀಸಲಿಟ್ಟಿದೀನಿ. ಬಿತ್ತನೆಗೆ ಅಂತ ಸಣ್ಣಗೆ ಜರಡಿ ಹಿಡಿದು ಮಾಡಿದ್ದಕ್ಕೆ ‘ಬೀಜದ ಮಿಶ್ರಣ’ ಅಂದ್ರೆ ನಾನಾ ಬೀಜ ಬೆರೆಸಿದ್ದು ಅನ್ನೋ ಅರ್ಥ ಬರುತ್ತೆ, ‘ಬಿತ್ತನೆ ಮಿಶ್ರಣ’ಕ್ಕೂ ಅದೇ ಗತಿ. ಇದಕ್ಕೆ ಸಸಿ ಬೆಳೆಸೋರ ಬಾಯಲ್ಲಿ ಬಳಕೇಲಿರೋ ಪದ ಯಾವುದಾದ್ರೂ ಇದ್ಯಾ? ಹೊಸದಾಗಿ ಕಟ್ಟಿದ ಸಂಸ್ಕೃತ ಪದ ಮಾತ್ರ ದಯವಿಟ್ಟು ಬೇಡ, ಚೀಲ ಹೊತ್ಕೊಂಡು ಹೋಗೋರು ಹೇಳೋ ಥರದ್ದು ಸಾಕು.