ದೊಡ್ಡಮನೆಯ ಶ್ರೇಷ್ಠರು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು 'ದೊಡ್ಡಮನೆ'. ತೀರ್ಥಹಳ್ಳಿಯ ಹತ್ತಿರವಿರುವ ಮೂಲಮನೆಯ ಹೆಸರು ಅದು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣವನ್ನೂ ಅಲ್ಲಿನವರು 'ಬಿಗ್ ಹೌಸ್' ಎಂದೇ ಕರೆಯುವುದರಿಂದ, ಅದಿರುವ ಆನ್ ಆರ್ಬರ್ ಊರಿನಲ್ಲಿ ಓದಿದ ನಮ್ಮ ಮೂರು ತಲೆಮಾರಿನವರಿಗೆ ಈ ಹೆಸರು ಎರಡು ರೀತಿಯಿಂದಲೂ ಒಪ್ಪುತ್ತದೆ. 1973ರಲ್ಲಿ ಚಿಕ್ಕಪ್ಪ ಎಂ.ಎಸ್. ಮಾಡಲು ಹೋದರು, 1996ರಲ್ಲಿ ನಾನು ಹೋದೆ, ಈಗ ತಮ್ಮನ ಮಗಳು ಅಲ್ಲಿದ್ದಾಳೆ. ನಿವೃತ್ತ ಮುಖ್ಯೋಪಾಧ್ಯಾಯರಾದ ದೊಡ್ಡಪ್ಪ ಗುಂಪಿಗೆ ವಿಧಿಸಿರುವ ಕಟ್ಟಳೆ ಒಂದೇ: ಬರೆಯುವುದಾದರೆ ಕನ್ನಡದಲ್ಲಿ, ಪೂರ್ಣ ವಾಕ್ಯದಲ್ಲಿ ಬರೆಯಬೇಕು. ಹೀಗಾಗಿ ನಮ್ಮಲ್ಲಿ ಜಗಳಗಳೂ ವ್ಯಾಕರಣಶುದ್ಧವಾಗಿಯೇ ನಡೆಯುತ್ತವೆ.

ಕಳೆದ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಭಾವ ಒಂದು ಚಿತ್ರವನ್ನು ಫಾರ್ವರ್ಡ್ ಮಾಡಿದರು. 'ಮಿಷಿಗನ್ ಕಂಡ ಹತ್ತು ಶ್ರೇಷ್ಠ ಆಟಗಾರರು' ಎಂಬ ಬಂಗಾರದ ಬಣ್ಣದ ಶೀರ್ಷಿಕೆ. ಮೊದಲನೆಯ ಸ್ಥಾನದಲ್ಲಿ ಟಾಮ್ ಬ್ರೇಡಿ. ಕೆಳಗೆ ಒಂದು ಒಕ್ಕಣೆ: 'ಕಾಲೇಜಿನಲ್ಲಿ ಬೆಂಚು ಕಾಯ್ದವನು, ವೃತ್ತಿಪರ ಲೀಗಿಗೆ 199ನೆಯವನಾಗಿ ಆಯ್ಕೆಯಾದವನು, ಏಳು ಸೂಪರ್ ಬೌಲ್ ಫೈನಲ್ ಗೆದ್ದ. ಮಕ್ಕಳನ್ನು ರ‍್ಯಾಂಕಿನಿಂದ ಅಳೆಯಬೇಡಿ.' ಭಾವನ ಮಗನ ಸಿಇಟಿ ಫಲಿತಾಂಶ ಬಂದು ಆಗಿನ್ನೂ ನಾಲ್ಕು ದಿನವಾಗಿತ್ತು. ಚಿತ್ರ ಯಾಕೆ ಬಂತೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ.

ಮೈಸೂರಿನ ಅತ್ತಿಗೆ: ಈ ಪಟ್ಟಿಯನ್ನು ಸಿದ್ಧಪಡಿಸಿದವರು ಯಾರು, ಯಾವ ವರ್ಷ, ಯಾವ ಅಳತೆಗೋಲಿನಿಂದ ಎಂಬುದನ್ನು ಭಾವನವರು ದಯವಿಟ್ಟು ತಿಳಿಸಬೇಕು. ಹೋದ ತಿಂಗಳು ಅವರು ಕಳಿಸಿದ ಹಲಸಿನ ಬೀಜದ ಔಷಧದ ಬಗ್ಗೆ ನಾನು ಕೇಳಿದ ಪ್ರಶ್ನೆಗೂ ಇನ್ನೂ ಉತ್ತರ ಬಂದಿಲ್ಲ.

ಭಾವ: ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಬಂದದ್ದನ್ನು ಹಾಗೆಯೇ ಕಳಿಸಿದ್ದೇನೆ. ಬ್ರೇಡಿ ದೊಡ್ಡ ಆಟಗಾರ ಎಂಬುದಕ್ಕೂ ಆಧಾರ ಬೇಕೆಂದರೆ, ಅಂಗೈ ಹುಣ್ಣಿಗೆ ಕನ್ನಡಿ ಹಿಡಿದಂತಾಯಿತು.

ಡೆಟ್ರಾಯಿಟಿನ ಚಿಕ್ಕಪ್ಪ: ಬ್ರೇಡಿ ಆ ಮಟ್ಟಕ್ಕೆ ಏರಿದ್ದು ನಮ್ಮಲ್ಲಿಂದ ಹೋದ ಮೇಲೆ. ಮಿಷಿಗನ್ನಿನ ಶ್ರೇಷ್ಠರು ಎಂದು ಹೆಸರಿಟ್ಟ ಮೇಲೆ ಮಿಷಿಗನ್ನಿನ ಅಂಗಿ ತೊಟ್ಟು ಮಾಡಿದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಟಾಮ್ ಹಾರ್ಮನ್ ಹೆಸರೇ ಇಲ್ಲದ ಪಟ್ಟಿಯನ್ನು ನಾನು ಮುಂದಕ್ಕೆ ಓದಲೇ ಇಲ್ಲ.

ಓದಲಿಲ್ಲವೆಂದು ಬಾಯಿಬಿಟ್ಟು ಒಪ್ಪಿಕೊಂಡವರು ಅವರೊಬ್ಬರೇ. ಉಳಿದವರು ಓದದೆಯೇ ಉತ್ತರಿಸಿದೆವು. ಬ್ರೇಡಿ ಬರೀ ಬೆಂಚು ಕಾಯ್ದವನು ಎಂಬುದು ತಪ್ಪೆಂದು ನಾನು ಬರೆದೆ. 1997ರಲ್ಲಿ ಬ್ರಯನ್ ಗ್ರೀಸಿಯ ಹಿಂದೆ ಕಾದು ಕೂತದ್ದು ನಿಜ, ಆದರೆ 1998 ಮತ್ತು 1999ರಲ್ಲಿ ಚೆಂಡು ಎಸೆದು ಆಟ ನಡೆಸುವ ಆರಂಭದ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ 25 ಪಂದ್ಯಗಳಲ್ಲಿ 20ನ್ನು ಅವನು ಗೆದ್ದುಕೊಟ್ಟಿದ್ದಾನೆ. ಎರಡನೆಯ ವರ್ಷ ಡ್ರೂ ಹೆನ್ಸನ್ ಎಂಬ ಹೊಸ ಹುಡುಗನೊಡನೆ ಸ್ಥಾನ ಹಂಚಿಕೊಂಡು ಆಡಬೇಕಾಗಿ ಬಂದರೂ, 2000ದ ಜನವರಿ 1ರ ಆರೆಂಜ್ ಬೌಲಿನಲ್ಲಿ ಅಲಬಾಮಾದ ವಿರುದ್ಧ 369 ಗಜ ಎಸೆದು, ನಾಲ್ಕು ಟಚ್‌ಡೌನ್ ಕೊಟ್ಟು, ಅಂದರೆ ನಾಲ್ಕು ಸಲ ಚೆಂಡು ಎದುರಾಳಿಯ ಗೆರೆ ದಾಟುವಂತೆ ಮಾಡಿ, ಹೆಚ್ಚುವರಿ ಸಮಯದಲ್ಲಿ 35–34ರಿಂದ ಗೆಲ್ಲಿಸಿದ. ಅದೊಂದೇ ಆಟಕ್ಕಾದರೂ ಹತ್ತರೊಳಗೆ ಜಾಗ ಕೊಡಬಹುದು, ಮೊದಲನೆಯದು ಮಾತ್ರ ಚಾರ್ಲ್ಸ್ ವುಡ್ಸನ್‌ಗೆ ಸೇರಬೇಕು ಎಂದೆ. ಮುಖ್ಯವಾಗಿ ರಕ್ಷಣೆಯಲ್ಲಿ ಆಡುವವನಿಗೆ ಹೈಸ್ಮನ್ ಟ್ರೋಫಿ, ಅಂದರೆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನ ಪ್ರಶಸ್ತಿ, ಬಂದದ್ದು 1997ರಲ್ಲಿ ಅವನಿಗೇ ಮೊದಲು. ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ನಂಥವನು ಎರಡನೆಯ ಸ್ಥಾನದಲ್ಲಿ ಉಳಿದ. ಆ ವರ್ಷ ಮಿಷಿಗನ್ ಹನ್ನೆರಡಕ್ಕೆ ಹನ್ನೆರಡೂ ಪಂದ್ಯ ಗೆದ್ದಿತ್ತು.

ಭಾವ: ಓಹಾಯೋ ಸ್ಟೇಟ್ ವಿರುದ್ಧ ವುಡ್ಸನ್ 78 ಗಜ ಓಡಿದ್ದನ್ನು ಬಿಗ್ ಹೌಸಿನಲ್ಲಿ ಕೂತು ಕಣ್ಣಾರೆ ಕಂಡವನು ನಾನು. ಟಿ.ವಿ.ಯಲ್ಲಿ ನೋಡಿದವರು ನನಗೆ ಪಾಠ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಹಳೆಯ ಲೆಕ್ಕವನ್ನು ಬಿಚ್ಚದೆ ವಿಧಿಯಿಲ್ಲ. 1997ರ ನವೆಂಬರ್ 22ರ ಆ ಪಂದ್ಯಕ್ಕೆ ಚಿಕ್ಕಪ್ಪನ ಬಳಿ ಎರಡು ಟಿಕೆಟ್ ಇದ್ದವು, ಒಂದನ್ನು ನನಗೆ ಕೊಡುವುದಾಗಿ ಸೆಪ್ಟೆಂಬರಿನಲ್ಲೇ ಮಾತಾಗಿತ್ತು. ಅದೇ ವಾರ, ಮದುವೆಯಾಗಿ ಆರು ತಿಂಗಳಾಗಿದ್ದ ಭಾವ ಕಂಪನಿಯ ಕೆಲಸದ ಮೇಲೆ ಡೆಟ್ರಾಯಿಟಿಗೆ ಬಂದಿಳಿದರು. ಹೊಸ ಅಳಿಯಂದಿರಿಗೇ ಮೊದಲ ಮಣೆ ಎಂದು ಚಿಕ್ಕಪ್ಪ ತೀರ್ಮಾನಿಸಿದರು. ನಾನು ಕ್ರೀಡಾಂಗಣದಿಂದ ಎರಡು ಮೈಲಿ ದೂರದ ಬಾಡಿಗೆ ಕೋಣೆಯಲ್ಲಿ, ಆಂಟೆನಾ ತಿರುಗಿಸುತ್ತಾ, ಮಳೆ ಹೊಡೆದಂತಿದ್ದ ಪರದೆಯ ಮೇಲೆ ವುಡ್ಸನ್ ಓಡುವುದನ್ನು ನೋಡಿದೆ. ಕಿಟಕಿಯಿಂದ ನಿಜವಾದ ಗದ್ದಲ ಕೇಳಿಸುತ್ತಿತ್ತು. ಅದನ್ನು ನಾನು ಎಂದೋ ಮರೆತಿದ್ದೇನೆ ಎಂದೇ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ಕೊಲಂಬಸ್ಸಿನ ಅತ್ತೆಯ ಮಗ ಅಷ್ಟರಲ್ಲಿ ಎದ್ದ. ಅವನು ಓದಿದ್ದು ಓಹಾಯೋ ಸ್ಟೇಟಿನಲ್ಲಿ, ಅಂದರೆ ವೈರಿಗಳ ಪಾಳೆಯದಲ್ಲಿ. ಹೈಸ್ಮನ್ ಲೆಕ್ಕ ಹಾಕುವುದಾದರೆ ತಮ್ಮ ತಂಡದ ಆರ್ಚಿ ಗ್ರಿಫಿನ್ 1974 ಮತ್ತು 1975ರಲ್ಲಿ, ಒಟ್ಟು ಎರಡು ಬಾರಿ, ಅದನ್ನು ಗೆದ್ದಿದ್ದಾನೆ, ಮಿಷಿಗನ್ ಇಡೀ ಇತಿಹಾಸದಲ್ಲಿ ಹಾರ್ಮನ್, ಡೆಸ್ಮಂಡ್ ಹವರ್ಡ್, ವುಡ್ಸನ್ ಎಂದು ಮೂರೇ ಹೆಸರು ಎಣಿಸುತ್ತದೆ, ಹಾಗಿರುವಾಗ ಈ ಪಂಚಾಯಿತಿಯೇ ಅನಾವಶ್ಯಕ ಎಂದು ಬರೆದ. ಚಿಕ್ಕಪ್ಪ ಇಂಥದ್ದನ್ನು ಬಿಡುವವರಲ್ಲ.

ಚಿಕ್ಕಪ್ಪ: ಅಳಿಯಾ, ಹಾರ್ಮನ್ ತನ್ನ ಕೊನೆಯ ಕಾಲೇಜು ಪಂದ್ಯವನ್ನು 1940ರಲ್ಲಿ ಆಡಿದ್ದು ನಿನ್ನ ಊರಿನಲ್ಲಿಯೇ. ಮೂರು ಟಚ್‌ಡೌನ್ ಓಡಿದ, ಎರಡನ್ನು ಎಸೆದು ಕೊಡಿಸಿದ, ನಾಲ್ಕು ಹೆಚ್ಚುವರಿ ಅಂಕ ಒದ್ದ, ನಿಮ್ಮವರು ಎಸೆದ ಮೂರು ಚೆಂಡುಗಳನ್ನು ನಡುವೆಯೇ ಹಿಡಿದ. ಮಿಷಿಗನ್ 40, ಓಹಾಯೋ ಸ್ಟೇಟ್ ಸೊನ್ನೆ. ಅವನು ಮೈದಾನ ಬಿಟ್ಟು ಹೊರಟಾಗ ನಿಮ್ಮವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶತ್ರುಗಳು ಎದ್ದು ನಿಂತದ್ದಕ್ಕಿಂತ ದೊಡ್ಡ ಟ್ರೋಫಿ ನಿನ್ನ ಗ್ರಿಫಿನ್ನಿಗೆ ಸಿಕ್ಕಿದ್ದರೆ ತೋರಿಸು.

ನಿಜ ಹೇಳಬೇಕೆಂದರೆ ಚಿಕ್ಕಪ್ಪನ ಮನಸ್ಸಿನ ದೇವರು ಹಾರ್ಮನ್ ಅಲ್ಲ, ಆಂಥನಿ ಕಾರ್ಟರ್. 1979ರಲ್ಲಿ ಇಂಡಿಯಾನಾ ವಿರುದ್ಧ ಪಂದ್ಯ ಸಮವಾಗಿ ಮುಗಿಯುವುದರಲ್ಲಿದ್ದಾಗ ಜಾನ್ ವಾಂಗ್ಲರ್ ಎಸೆದ ಚೆಂಡನ್ನು ಹಿಡಿದು, ಇಬ್ಬರ ನಡುವೆ ನುಸುಳಿ, ಗಡಿಯಾರ ಸೊನ್ನೆಗೆ ಬಂದು ನಿಲ್ಲುವಾಗ ಗೆರೆ ದಾಟಿದವನು. ಬೋ ಶೆಂಬೆಕ್ಲರ್ ಎಂಬ ತರಬೇತುದಾರರಿಗೆ ಚೆಂಡನ್ನು ಎಸೆಯುವುದಕ್ಕಿಂತ ಹೊತ್ತು ಓಡುವುದರಲ್ಲೇ ನಂಬಿಕೆ. ಅಂಥವರ ಕೈಕೆಳಗೆ ಚೆಂಡು ಹಿಡಿಯುವ ಕೆಲಸದವನೊಬ್ಬ ಮೂರು ವರ್ಷ ಸತತವಾಗಿ ಆಲ್-ಅಮೆರಿಕನ್, ಅಂದರೆ ದೇಶದ ಶ್ರೇಷ್ಠ ಕಾಲೇಜು ಆಟಗಾರರಲ್ಲೊಬ್ಬ, ಎನಿಸಿಕೊಂಡದ್ದು, ಚಿಕ್ಕಪ್ಪನ ಮಾತಿನಲ್ಲಿ, 'ಭತ್ತದ ಗದ್ದೆಯಲ್ಲಿ ಏಲಕ್ಕಿ ಬೆಳೆದಂತೆ'.

ಶೆಂಬೆಕ್ಲರ್ ಹೆಸರು ಬಂದದ್ದೇ ಶಿವಮೊಗ್ಗದ ಅತ್ತೆಗೆ ಸಾಕಾಯಿತು.

ಅತ್ತೆ: 1973ರ ಕೊನೆಯಲ್ಲಿ ಇವನಿಂದ ಒಂದು ನೀಲಿ ಕಾಗದ ಬಂತು. 'ಇಲ್ಲಿ ನಮಗೆ ಘೋರ ಅನ್ಯಾಯವಾಗಿದೆ, ಎರಡು ದಿನದಿಂದ ಊಟ ಸೇರುತ್ತಿಲ್ಲ' ಎಂದು ಅದರಲ್ಲಿತ್ತು. ಅಮ್ಮ ಅಳುವುದಕ್ಕೆ ಕೂತರು, ಅಪ್ಪ ಶಿವಮೊಗ್ಗಕ್ಕೆ ಹೋಗಿ ಟ್ರಂಕ್ ಕಾಲ್ ಮಾಡಲು ಒಂದು ದಿನವಿಡೀ ಕಾದರು. ಕೊನೆಗೆ ನೋಡಿದರೆ ಅದು ಯಾವುದೋ ಆಟದ ವಿಷಯ.

ಚಿಕ್ಕಪ್ಪ: ಅಕ್ಕಾ, ಅದು ಯಾವುದೋ ಆಟವಲ್ಲ. ಸೋಲನ್ನೇ ಕಾಣದ ಎರಡು ತಂಡಗಳು 10–10 ಸಮ ಮಾಡಿಕೊಂಡಿದ್ದವು. ನಮ್ಮ ಕ್ವಾರ್ಟರ್‌ಬ್ಯಾಕ್ ಡೆನಿಸ್ ಫ್ರಾಂಕ್ಲಿನ್‌ನ ಕೊರಳೆಲುಬು ಮುರಿದಿದೆ ಎಂಬುದನ್ನೇ ನೆಪ ಮಾಡಿಕೊಂಡು, ರೋಸ್ ಬೌಲ್ ಎಂಬ ಋತುವಿನ ಕೊನೆಯ ದೊಡ್ಡ ಪಂದ್ಯಕ್ಕೆ ಓಹಾಯೋ ಸ್ಟೇಟನ್ನು ಮತ ಹಾಕಿ ಕಳಿಸಿದರು. ಆ ಅನ್ಯಾಯ ಇಂದಿಗೂ ಸರಿಹೋಗಿಲ್ಲ.

ಅತ್ತೆಯ ಮಗ: ಮಾವಾ, ಸರಿಯಾಗಿಯೇ ಮತ ಹಾಕಿದ್ದರು.

ಇದಾದ ಮೇಲೆ ಸುಮಾರು ನಲವತ್ತು ನಿಮಿಷ ಗುಂಪಿನಲ್ಲಿ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅತ್ತೆಯ ಮಗನ ಮದುವೆಗೆ ಚಿಕ್ಕಪ್ಪ ಬಾರದಿದ್ದ ಕಾರಣವೂ ಅದರಲ್ಲಿ ಹೊರಬಂತು.

ದೊಡ್ಡಪ್ಪ ಮಧ್ಯಾಹ್ನದ ನಿದ್ದೆ ಮುಗಿಸಿ ಬಂದು, ಆಟದಿಂದ ಮನುಷ್ಯನಿಗೆ ಬರಬೇಕಾದದ್ದು ಚಾರಿತ್ರ್ಯವೇ ಹೊರತು ಅಂಕಗಳಲ್ಲ ಎಂದು ಶುರುಮಾಡಿದರು. ಆ ಅರ್ಥದಲ್ಲಿ ಅಲ್ಲಿ ಆಡಿ ದೇಶದ 38ನೆಯ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡರೇ ನಿರ್ವಿವಾದವಾಗಿ ಶ್ರೇಷ್ಠರು, ನಿಕ್ಸನ್ ರಾಜೀನಾಮೆಯ ಸುದ್ದಿಯನ್ನು ತಾವು ರೇಡಿಯೋದಲ್ಲಿ ಕೇಳಿದ ನೆನಪು ಈಗಲೂ ಇದೆ ಎಂದರು. ಅದಕ್ಕೆ ಉತ್ತರ ಬಂದದ್ದು ತಮ್ಮನ ಮಗಳಿಂದ. ದಿನವಿಡೀ ಬಂದ ಸಂದೇಶಗಳಲ್ಲಿ ನಾನು ಎರಡು ಸಲ ಓದಿದ್ದು ಇದೊಂದನ್ನೇ.

ತಮ್ಮನ ಮಗಳು: ಅಜ್ಜಾ, ಫೋರ್ಡ್ 1932 ಮತ್ತು 1933ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ತಂಡಗಳಲ್ಲಿದ್ದರು, 1934ರಲ್ಲಿ ತಂಡದ ಅತ್ಯುತ್ತಮ ಆಟಗಾರ ಎಂದೂ ಆಯ್ಕೆಯಾದರು. ಆದರೆ ಚಾರಿತ್ರ್ಯದ ಮಾತಾದರೆ ಅದೇ ತಂಡದ ವಿಲಿಸ್ ವಾರ್ಡ್ ಅವರ ಹೆಸರು ಹೇಳಬೇಕು. ಅವರು ಕಪ್ಪು ಜನಾಂಗದವರು. ಎದುರಿಗೆ ಕಪ್ಪು ಆಟಗಾರನಿದ್ದರೆ ತಾವು ಆಡುವುದಿಲ್ಲವೆಂದು ಜಾರ್ಜಿಯಾ ಟೆಕ್ ಹಟ ಹಿಡಿದದ್ದರಿಂದ, 1934ರ ಅಕ್ಟೋಬರಿನಲ್ಲಿ ಆನ್ ಆರ್ಬರಿನಲ್ಲೇ ನಡೆದ ಪಂದ್ಯದಿಂದ ಅವರನ್ನು ಹೊರಗಿಟ್ಟರು. ಮಿಷಿಗನ್ 9–2ರಿಂದ ಗೆದ್ದಿತು. ಆ ಋತುವಿನ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಅದೊಂದನ್ನೇ. ಬೇರೆ ಊರಿಗೆ ಆಡಲು ಹೋದಾಗ ವಾರ್ಡ್ ಜೊತೆ ಒಂದೇ ಕೋಣೆಯಲ್ಲಿ ಉಳಿಯುತ್ತಿದ್ದ ಗೆಳೆಯ ಫೋರ್ಡ್. ವಿಶ್ವವಿದ್ಯಾಲಯದ ಆಡಳಿತ ಹೀಗೆ ಪೂರ್ವಗ್ರಹಕ್ಕೆ ಮಣಿದದ್ದು ತಮ್ಮನ್ನು ಕಾಡಿತೆಂದು 1999ರಲ್ಲಿ, ಆರು ದಶಕಗಳ ಮೇಲೆ, ಅವರೇ ಪತ್ರಿಕೆಗೆ ಬರೆದರು. ವಾರ್ಡ್ ಮುಂದೆ ನ್ಯಾಯಾಧೀಶರಾದರು. ಆಡಲು ಬಿಡದಿದ್ದ ಪಂದ್ಯವನ್ನು ಯಾವ ಪಟ್ಟಿಯಲ್ಲಿ ಎಣಿಸುವುದು?

ಮೂರು ನಿಮಿಷ ಯಾರೂ ಏನೂ ಬರೆಯಲಿಲ್ಲ. ದೊಡ್ಡಪ್ಪ 'ಟೈಪ್ ಮಾಡುತ್ತಿದ್ದಾರೆ' ಎಂದು ಕಾಣಿಸಿಕೊಂಡು ಮಾಯವಾದರು. ಕೊನೆಗೆ ಅವರಿಂದ ಬಂದದ್ದು ಒಂದೇ ಸಾಲು: 'ಮಗೂ, ಪಂದ್ಯದಿಂದ ಎಂಬ ಪದದ ನಂತರ ಅಲ್ಪವಿರಾಮ ಬೇಕಾಗಿರಲಿಲ್ಲ, ಉಳಿದದ್ದೆಲ್ಲ ಸರಿಯಾಗಿದೆ.' ಅಂಥದೊಂದು ಅಲ್ಪವಿರಾಮ ಅವಳ ಬರಹದಲ್ಲಿ ಇರಲೇ ಇಲ್ಲ.

ಆದರೆ ಅವಳ ಆಯ್ಕೆ ವಾರ್ಡ್ ಅಲ್ಲ, ಬ್ಲೇಕ್ ಕೋರಮ್. 2023ರ ಒಂದೇ ಋತುವಿನಲ್ಲಿ 27 ಟಚ್‌ಡೌನ್ ಓಡಿದವನು, ಒಟ್ಟು 58 ಓಡಿ ಮಿಷಿಗನ್ನಿನ ದಾಖಲೆಯನ್ನೇ ತನ್ನ ಹೆಸರಿಗೆ ಬರೆದುಕೊಂಡವನು, 2024ರ ಜನವರಿ 8ರಂದು ಹ್ಯೂಸ್ಟನ್ನಿನ ಫೈನಲ್‌ನಲ್ಲಿ ವಾಷಿಂಗ್ಟನ್ ವಿರುದ್ಧ 134 ಗಜ ಓಡಿ ತಂಡವನ್ನು 34–13ರಿಂದ ಗೆಲ್ಲಿಸಿದವನು. ಅತ್ತೆಯ ಮಗ ಕೂಡಲೇ ನೆನಪಿಸಿದ: ಎದುರಾಳಿಗಳ ಸಂಜ್ಞೆ ಕದ್ದ ಪ್ರಕರಣದಲ್ಲಿ ಅದೇ ಋತುವಿನ ನವೆಂಬರಿನಲ್ಲಿ ತರಬೇತುದಾರ ಜಿಮ್ ಹಾರ್ಬಾ ಅವರನ್ನು ಮೂರು ಪಂದ್ಯ ಹೊರಗೆ ಕೂರಿಸಲಾಗಿತ್ತು. ಕೋರಮ್ ಓಡಿದ್ದು ಕಾಲಿನಿಂದ, ಸಂಜ್ಞೆಯಿಂದಲ್ಲ ಎಂದು ಅವಳು ಉತ್ತರಿಸಿದಳು. ಆ ಮೂರು ಪಂದ್ಯಗಳಲ್ಲಿ ಕೊನೆಯದು ಓಹಾಯೋ ಸ್ಟೇಟ್ ವಿರುದ್ಧವೇ ಇತ್ತು, ಅದನ್ನೂ ಮಿಷಿಗನ್ ಗೆದ್ದಿತ್ತು ಎಂದು ನಾನು ಸೇರಿಸಿದೆ.

ಭಾವ ಬ್ರೇಡಿಯನ್ನು ಬಿಡಲಿಲ್ಲ. ಮನೆಯಲ್ಲಿದ್ದಾಗ ಬೆಳಗಿದ್ದಕ್ಕಿಂತ ಹೊರಗೆ ಹೋಗಿ ಬೆಳಗಿದ್ದೇ ಹೆಚ್ಚು, ಅದಕ್ಕೇ ಅಲ್ಲವೇ ಎಲ್ಲರೂ ಮಕ್ಕಳನ್ನು ಹೊರಗೆ ಕಳಿಸುವುದು ಎಂದರು. ಹಾಗಾದರೆ ರಣಜಿ ಟ್ರೋಫಿಯ ಇತಿಹಾಸದಲ್ಲಿ ಅತಿ ಹೆಚ್ಚು ವಿಕೆಟ್ ಪಡೆದ ರಾಜಿಂದರ್ ಗೋಯಲ್ ಭಾರತಕ್ಕೆ ಒಂದು ಟೆಸ್ಟನ್ನೂ ಆಡಲಿಲ್ಲವಲ್ಲ, ಅವರನ್ನು ರಣಜಿಯ ಪಟ್ಟಿಯಿಂದಲೂ ಹೊಡೆದುಹಾಕುತ್ತೀರಾ ಎಂದು ನಾನು ಕೇಳಿದೆ. ಮೂಲಮನೆಯಲ್ಲೇ ಉಳಿದು ತೋಟ ನೋಡಿಕೊಂಡ ನನ್ನ ತಮ್ಮ ಇದಕ್ಕೊಂದು ಹೆಬ್ಬೆರಳು ಒತ್ತಿದ. ಇಡೀ ದಿನದಲ್ಲಿ ಅವನು ಮಾಡಿದ್ದು ಅಷ್ಟೇ.

ರಾತ್ರಿ ಒಂಬತ್ತಕ್ಕೆ ಅತ್ತಿಗೆ ಚಿತ್ರವನ್ನು ದೊಡ್ಡದು ಮಾಡಿ ಅದರ ಬಲ ಮೂಲೆಯನ್ನು ಕತ್ತರಿಸಿ ಹಾಕಿದರು. ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ವೃತ್ತಿಪರ ಲೀಗಿನಲ್ಲಿ ತೋರಿದ ಸಾಧನೆಯ ಆಧಾರದಲ್ಲಿ' ಎಂದಿತ್ತು. ಬೆಳಗಿನಿಂದ ನಾವು ಹೊಡೆದಾಡಿದ ಪ್ರಶ್ನೆಯನ್ನು ಆ ಪಟ್ಟಿ ಎತ್ತಿಯೇ ಇರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಅದೇ ಗಳಿಗೆಗೆ ಭಾವ ವುಡ್ಸನ್‌ನ ಓಟವನ್ನು ಐದನೆಯ ಸಲ ವರ್ಣಿಸುತ್ತಿದ್ದರು: ಚೆಂಡು ಹೇಗೆ ಕೈಗೆ ಬಿತ್ತು, ಎಡಗಡೆಗೆ ಹೇಗೆ ತಿರುಗಿದ, ತಾವು ಹೇಗೆ ಕುರ್ಚಿಯ ಮೇಲೆ ಹತ್ತಿ ನಿಂತರು. ಬಿಗ್ ಹೌಸಿನಲ್ಲಿ ಇರುವುದು ಬಹುಪಾಲು ಉದ್ದನೆಯ ಬೆಂಚುಗಳು.

ಆಗ ಚಿಕ್ಕಪ್ಪನಿಂದ ಒಂದು ಫೋಟೋ ಬಂತು. ಹಳದಿಗಟ್ಟಿದ ಟಿಕೆಟಿನ ಹಿಂಬದಿ. ಅದರ ಮೇಲೆ ನೀಲಿ ಶಾಯಿಯಲ್ಲಿ ಅವರ ಓರೆ ಅಕ್ಷರ: 'ಎರಡನೇ ಕ್ವಾರ್ಟರ್. ವುಡ್ಸನ್, 78 ಗಜ. ಅಳಿಯಂದಿರು ಕಾಫಿ ತರಲು ಹೋಗಿದ್ದರು.'

ಅಕ್ಕ: ಏನ್ರೀ, ನಮ್ಮ ಮದುವೆಯ ಮೊದಲ ವರ್ಷದಿಂದ ಆ ಓಟವನ್ನು ನನಗೆ ಅಭಿನಯಿಸಿ ತೋರಿಸುತ್ತಿದ್ದಿರಲ್ಲ?