ಆಸ್ಟ್ರೇಲಿಯಾದ ಮೊದಲ ಮನುಷ್ಯರು ‘ವಲಸೆ’ ಹೋದವರೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮನುಷ್ಯರು ಮೊತ್ತಮೊದಲು ಆಸ್ಟ್ರೇಲಿಯಾ ಖಂಡವನ್ನು ಮುಟ್ಟಿದ ಬಗೆಯನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ‘ವಲಸೆ’ ಎಂದು ಬರೆದು, ಹೊಡೆದುಹಾಕಿ, ಬೇರೆ ಪದ ಸಿಗದೆ ಮತ್ತೆ ಅದನ್ನೇ ಬರೆದಿದ್ದೇನೆ.

ಹಳೆಯ ನಿಘಂಟುಗಳಲ್ಲಿ ಈ ಮಾತಿಗಿರುವ ಅರ್ಥ, ಶತ್ರುಸೈನ್ಯದ ಭಯದಿಂದ ಮನೆಮಾರು ಬಿಟ್ಟು ಹೋಗುವುದು. ಇಂದಿನ ಬಳಕೆಯಲ್ಲಿ ಆ ಭಯ ಮರೆಯಾಗಿದ್ದರೂ, ಬಿಟ್ಟುಬಂದ ಊರು ಮತ್ತು ಹೋಗಿ ಸೇರುವ ಊರು ಎಂಬ ಎರಡು ತುದಿಗಳು ಪದಕ್ಕೆ ಅಂಟಿಕೊಂಡೇ ಇವೆ. ವಲಸೆ ಹಕ್ಕಿಗೂ ಈ ಎರಡು ತುದಿಗಳಿವೆ. ರಾಯಚೂರು, ಯಾದಗಿರಿ ಕಡೆಯ ‘ಗುಳೆ’ಯಂತೂ ಮಳೆ ಕೈಕೊಟ್ಟಾಗ ದುಡಿಮೆ ಅರಸಿ ಹೋಗಿ ಮರಳುವುದಾದ್ದರಿಂದ ಇಲ್ಲಿಗೆ ಹೊಂದುವುದೇ ಇಲ್ಲ.

ಆಸ್ಟ್ರೇಲಿಯಾದಲ್ಲಿ ನಡೆದದ್ದು ಬೇರೆಯೇ ಬಗೆಯದು. ಹಿಮಯುಗದಲ್ಲಿ ಕಡಲಮಟ್ಟ ತಗ್ಗಿದ್ದಾಗ ಜಾವಾ, ಸುಮಾತ್ರಾ, ಬೋರ್ನಿಯೋಗಳು ಏಷ್ಯಾದ ನೆಲಕ್ಕೆ ಕೂಡಿಕೊಂಡಿದ್ದವು. ಅತ್ತ ಆಸ್ಟ್ರೇಲಿಯಾ, ನ್ಯೂಗಿನಿ, ಟಾಸ್ಮೇನಿಯಾಗಳು ಸಾಹುಲ್ ಎಂಬ ಒಂದೇ ಭೂಭಾಗವಾಗಿದ್ದವು. ನಡುವಿನ ದ್ವೀಪಸಾಲನ್ನು ಒಂದೊಂದಾಗಿ ದಾಟುತ್ತ, ಒಂದೆಡೆ ಸುಮಾರು 90 ಕಿಲೋಮೀಟರಿನಷ್ಟು ತೆರೆದ ಕಡಲನ್ನೂ ಹಾಯ್ದು ಜನ ಅಲ್ಲಿಗೆ ತಲುಪಿದರು. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನ ಮಜೆಡ್‌ಬೆಬೆ ಕಲ್ಲಾಸರೆಯ ಕುರುಹುಗಳನ್ನು 2017ರ ಅಧ್ಯಯನ ಸುಮಾರು 65,000 ವರ್ಷಗಳ ಹಿಂದಿನವೆಂದಿತು. ಅಷ್ಟು ಹಳತನ್ನು ಒಪ್ಪದವರು 50,000ದ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಯಾವುದನ್ನೇ ಒಪ್ಪಿದರೂ, ಹೊರಟವರ ಕಣ್ಣ ಮುಂದೆ ಮುಂದಿನ ದ್ವೀಪವಿದ್ದಿರಬಹುದೇ ಹೊರತು ಖಂಡವಿರಲಿಲ್ಲ. ಏಷ್ಯಾದ ಅಂಚಿನಿಂದ ಸಾಹುಲ್‌ವರೆಗಿನ ಆ ದಾರಿ ಎಷ್ಟೋ ತಲೆಮಾರುಗಳದ್ದಾಗಿರಬಹುದು. ಅದಕ್ಕೆ ‘ವಲಸೆ’ ಎಂದರೆ ಮಕ್ಕಳ ಮನಸ್ಸಿನಲ್ಲಿ ಗಂಟುಮೂಟೆ ಹೊತ್ತ ಒಂದು ಗುಂಪಿನ ಚಿತ್ರ ಮೂಡುತ್ತದೆ. ಇನ್ನೊಂದು ಇರಿಸುಮುರಿಸೂ ಇದೆ: ತಾವು ಅನಾದಿಯಿಂದ ಅದೇ ನೆಲದವರೆಂದು ಹೇಳುವ ಅಲ್ಲಿನ ಮೂಲನಿವಾಸಿಗಳನ್ನು ನಾವು ಇಲ್ಲಿ ಕುಳಿತು ‘ವಲಸಿಗರ ಸಂತತಿ’ ಎಂದಂತಾಗುತ್ತದೆ.

ಕೆಲವರು ಬಳಸುವ ‘ವಸಾಹತು’ ಇನ್ನೂ ತೊಡಕಿನದು. 1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ಬಂದಿಳಿದದ್ದಕ್ಕೆ ನಾವು ಆ ಪದವನ್ನೇ ಮೀಸಲಿಟ್ಟಿದ್ದೇವೆ. ನೆಲ ಕಳೆದುಕೊಂಡವರಿಗೂ ಕಿತ್ತುಕೊಂಡವರಿಗೂ ಒಂದೇ ಮಾತನ್ನು ಹೊಂದಿಸುವುದು ನನ್ನಿಂದಾಗದು. ‘ಒಕ್ಕಲಾಗು’ ಎಂಬುದರಲ್ಲಿ ಬೇಸಾಯದ ವಾಸನೆಯಿದೆ, ಅವರಾದರೋ ಬೇಟೆ ಮತ್ತು ಗೆಡ್ಡೆಗೆಣಸುಗಳಿಂದ ಬದುಕಿದವರು. ‘ಹರಡುವಿಕೆ’ ಅರ್ಥಕ್ಕೆ ಬಹಳ ಹತ್ತಿರ ಬಂದರೂ ಈಚೆಗೆ ಕಿವಿಗೆ ರೋಗದ ಸುದ್ದಿಯಂತೆ ಕೇಳಿಸುತ್ತದೆ.

ಸದ್ಯಕ್ಕೆ ‘ದಾಟಿದರು’, ‘ನೆಲೆಯೂರಿದರು’ ಎಂಬ ಕ್ರಿಯಾಪದಗಳಿಂದ ನಿಭಾಯಿಸಿದ್ದೇನೆ. ವಾಕ್ಯದೊಳಗೆ ಇವು ಸಲೀಸಾಗಿ ಕೂರುತ್ತವೆ, ತಲೆಬರಹಕ್ಕೆ ಬೇಕಾದ ನಾಮಪದವಾಗಿ ಮಾತ್ರ ಒದಗುತ್ತಿಲ್ಲ. ‘ನೆಲೆಯೂರಿಕೆ’ ಎಂದು ಕಟ್ಟಿದರೆ ನನಗೇ ಕೃತಕವೆನಿಸುತ್ತದೆ. ಅದು ನಿಮ್ಮ ಕಿವಿಗೆ ಒಗ್ಗುತ್ತದೆಯೇ? ತಲೆಮಾರುಗಳ ಉದ್ದಕ್ಕೆ ಹೊಸ ನೆಲಕ್ಕೆ ಸರಿಯುತ್ತ ಹೋಗುವುದಕ್ಕೆ ನಿಮ್ಮ ಸೀಮೆಯಲ್ಲಿ ಬೇರೆ ಮಾತಿದೆಯೇ? ಕರಾವಳಿಯ ಸದಸ್ಯರನ್ನು ವಿಶೇಷವಾಗಿ ಕೇಳುತ್ತಿದ್ದೇನೆ: ದಡ ಕಾಣದ ನೀರಿಗೆ ದೋಣಿ ಇಳಿಸಿ ಆಚೆಯ ನೆಲ ಹಿಡಿಯುವುದಕ್ಕೆ ನಿಮ್ಮಲ್ಲಿನ ಮೀನುಗಾರರು ಏನೆನ್ನುತ್ತಾರೆ?